ಭಂಡಾರದ ಕೈಯನ್ನು ತಡೆದ ಬಗ್ಗೆ

ಮಾನ್ಯ ಓದುಗರ ಅವಗಾಹನೆಗೆ ಮೊದಲಿಗೇ ತರಬಯಸುವುದೇನೆಂದರೆ, ಉತ್ತರದ ಇಂಡಿ ಪಟ್ಟಣಕ್ಕೆ ಬಂದ ಮೊದಲ ವಾರದಲ್ಲೇ ನನ್ನ ಭುಜಕ್ಕೆ ಬಡಿಗೆಯ ಪೆಟ್ಟು ಬಿದ್ದಿತು. ಹೊಡೆದವನು ಕಳ್ಳನಲ್ಲ, ಕುಡುಕನಲ್ಲ. ನನ್ನ ರೋಗಿಯ ಒಡಹುಟ್ಟಿದ ಅಣ್ಣ. ಹೊಡೆಯುವ ಮುನ್ನ ಬಹುವಚನದಲ್ಲಿಯೇ ಎಚ್ಚರಿಸಿದ್ದನು: "ಬಾಯಾರ, ಸರೀರಿ ಆ ಕಡೆ. ಇಲ್ಲಾಂದ್ರ ತಲಿ ಒಡೀತೇನ್ರಿ."

ನಾನು ಮಂಡ್ಯ ಸೀಮೆಯವಳು, ವೃತ್ತಿಯಿಂದ ದಾದಿ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಗೆ ಕೆಲಸಕ್ಕೆ ಸೇರಿದೆನು. ರಾಜ್ಯ ಒಂದೇ ಆದರೂ ಮಾತು ಒಂದಾಗಿರಲಿಲ್ಲ. ದಾದಿಯನ್ನು ಇಲ್ಲಿ 'ಬಾಯಾರ' ಎಂದು ಕರೆಯುತ್ತಾರೆ. ಮರಾಠಿಯಿಂದ ಬಂದ ಗೌರವದ ಮಾತು. ನಮ್ಮಲ್ಲಿ ಮುದ್ದೆ ಸದ್ದಿಲ್ಲದೆ ಗಂಟಲಿಗಿಳಿಯುತ್ತದೆ. ಇಲ್ಲಿ ಬೆಳಗಾದರೆ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು. ನನಗೆ ಬಾಡಿಗೆಗೆ ಕೋಣೆ ಕೊಟ್ಟ ಗಂಗವ್ವನವರು ರೊಟ್ಟಿಯ ಮೇಲೆ ಕೆಂಪು ಖಾರವಿಟ್ಟು, "ತಿನ್ರಿ, ಸಾಯಂಗಿಲ್ಲ" ಎನ್ನುತ್ತಿದ್ದರು. ಆ ಒಂಟಿತನದಲ್ಲಿ ನನಗೆ ದೊರೆತ ಅಕ್ಕರೆಯ ಮಾತು ಅದೊಂದೇ.

ಸದರಿ ರೋಗಿ ಅಮೋಗಪ್ಪನು ಸಿಂದಗಿ ಕಡೆಯ ಕುರಿಗಾರ. ಕುರಿಗಳು ಬೆಳೆದು ನಿಂತ ಜೋಳಕ್ಕೆ ನುಗ್ಗಿದವೆಂದು ಹೊಲದವರು ಕೊಡಲಿಯಿಂದ ಅವನ ಹೊಟ್ಟೆ ಸೀಳಿದ್ದರು. ಹೊರಬಿದ್ದ ಕರುಳನ್ನು ಕಂಬಳಿಯಲ್ಲಿ ಒತ್ತಿಹಿಡಿದು ಮನೆಯವರು ಚಕ್ಕಡಿ ಗಾಡಿಯಲ್ಲಿ ತಂದರು. ಡಾಕ್ಟರು ಹೊಲಿದರು. ಕರುಳು ಮಾಯುವವರೆಗೆ ಬಾಯಿಂದ ಏನನ್ನೂ ಕೊಡುವಂತಿರಲಿಲ್ಲ. ಕೈಕಾಲಿನ ನರಗಳು ಸೂಜಿಗೆ ಸಿಗದಷ್ಟು ಬತ್ತಿದ್ದವು. ಆದಕಾರಣ ಕೊರಳೆಲುಬಿನ ಕೆಳಗೆ ಚುಚ್ಚಿ, ಹೃದಯದ ಸಮೀಪದ ದೊಡ್ಡ ರಕ್ತನಾಳದವರೆಗೆ ಸಣ್ಣ ನಳಿಕೆಯೊಂದನ್ನು ಇಳಿಸಿ ಸಲೈನು ಹಾಯಿಸಲಾಯಿತು.

ಈ ಭಾಗದವರೇ ಆದ ಡಾಕ್ಟರು ನನಗೆ ಹೇಳಿದ್ದಿಷ್ಟು: "ಇದರ ಬುಡಕ್ಕ ಹೊಲಸ ಮುಟ್ಟಿತಂದ್ರ ರಕ್ತಾನ ನಂಜಾಗ್ತೈತಿ. ಕೊಡ್ಲಿ ಅರ್ಧಾ ಮಾಡಿದ ಕೆಲಸ ನಂಜು ಮುಗಸ್ತೈತಿ." ಸಾಬೂನಿನಿಂದ ಕೈ ತೊಳೆಯದೆ ಯಾರೂ ಹತ್ತಿರ ಬರಕೂಡದು, ನಳಿಕೆಯ ಕೀಲನ್ನು ಸ್ಪಿರಿಟ್ಟಿನಿಂದ ಒರೆಸದೆ ಬಿಚ್ಚಕೂಡದು, ಇನ್ನು ಬೇಡವೆನಿಸಿದ ದಿನವೇ ಅದನ್ನು ತೆಗೆಯತಕ್ಕದ್ದು.

ಅಷ್ಟರಲ್ಲಿ ಅಣ್ಣ ಬೀರಪ್ಪನು ಮುಷ್ಟಿ ತುಂಬ ಭಂಡಾರ ತಂದನು. ನಮ್ಮಲ್ಲಿ ಭಂಡಾರವೆಂದರೆ ಬೊಕ್ಕಸ. ಇಲ್ಲಿ ಅದು ದೇವರ ಅರಿಶಿನ. ಕುರಿಯ ಗಾಯಕ್ಕೂ ಮನುಷ್ಯನ ಗಾಯಕ್ಕೂ ಅದನ್ನೇ ಮೆತ್ತುವುದು ಇವರ ಪದ್ಧತಿ. ಕುರಿಹಟ್ಟಿಯ ಮಣ್ಣು ಮೆತ್ತಿದ ಕೈಯಿಂದಲೇ ಅವನು ನಳಿಕೆಯ ಬುಡಕ್ಕೆ ಹಚ್ಚಲು ಬಂದನು. ನಾನು ಅಡ್ಡ ನಿಂತೆನು. ಆಗಲೇ ಮೇಲೆ ಅರಿಕೆ ಮಾಡಿದ ಪೆಟ್ಟು ಬಿದ್ದದ್ದು.

ಮಂಚದ ಸರಳು ಹಿಡಿದು ಎದ್ದು ಮತ್ತೆ ಅಡ್ಡ ನಿಂತೆನು.

"ದೇವರ ಭಂಡಾರ ಹೊಲಸೇನ್ರಿ?" ಎಂದು ಅವನು ಕೂಗಿದನು.

"ದೇವ್ರು ಹೊಲಸಲ್ಲ, ನಿನ್ ಕೈ ಹೊಲಸು," ಎಂದೆ. ಭಯದಲ್ಲಿ ನಮ್ಮೂರ ಮಾತೇ ಬಂದಿತು. "ಈಗ್ತಾನೆ ಹುಟ್ಟಿದ ಮರಿ ಹೊಕ್ಕುಳಿಗೆ ಗಲೀಜು ತಾಗಿದ್ರೆ ಏನಾಯ್ತದೆ, ಹೇಳು?"

"ಕೀವ ತುಂಬತೈತಿ. ಆಮ್ಯಾಲ ಮೊಣಕಾಲ ಬಾತು ಮರಿ ಸಾಯ್ತೈತಿ."

ನಳಿಕೆಯ ಬುಡ ತೋರಿಸಿ, "ಇದು ನಿನ್ ತಮ್ಮನ ಹೊಕ್ಕುಳು" ಎಂದೆ.

ನಮ್ಮ ತಂದೆಯವರು ಬನ್ನೂರು ಕುರಿ ಸಾಕಿದವರಾದ್ದರಿಂದ ಈ ಮಾತು ಹೊಳೆಯಿತೇ ವಿನಾ ಅದು ನನ್ನ ಜಾಣತನವಲ್ಲ. ಬೀರಪ್ಪನು ಭಂಡಾರವನ್ನು ಮಂಚದ ಕಾಲಿಗೆ ಹಚ್ಚಿ, ಬಚ್ಚಲಿಗೆ ಹೋಗಿ ಕೈ ತೊಳೆದನು.

ಅಂದಿನಿಂದ ಬಾಗಿಲಲ್ಲಿ ಅವನದೇ ಕಾವಲು. ಮುದ್ದೇಬಿಹಾಳದಿಂದ ಅವರ ಕಾಕಾ, ಅಂದರೆ ಚಿಕ್ಕಪ್ಪ, ನೇರವಾಗಿ ಒಳನುಗ್ಗಿದಾಗ ಬಡಿಗೆ ಅಡ್ಡ ಬಂದಿತು.

"ಕೈ ತೊಳ್ಕೊಂಡ ಬಾ, ಕಾಕಾ."

"ಈ ಕೈಯಾಗ ಆಡಿ ಬೆಳದಾಂವ ನೀ. ಈಗ ಇದು ಹೊಲಸಾತೇನಲೇ?"

"ಹೌದು, ಹೊಲಸ."

ಕಾಕಾ ಅವನನ್ನು ತಳ್ಳಿ ಮಂಚಕ್ಕೆ ಕೈಚಾಚಿದನು. ಬೀರಪ್ಪನು ಬಡಿಗೆ ಬೀಸಿದನು, ಮಣಿಕಟ್ಟಿನ ಎಲುಬು ಮುರಿದ ಸದ್ದು ಹೊರಗಿನವರಿಗೂ ಕೇಳಿಸಿತು. ಆ ಕೈಗೆ ಪಟ್ಟಿ ಕಟ್ಟಿ ಬಂದ ಡಾಕ್ಟರನ್ನೂ ಬೀರಪ್ಪನು ಬಿಡಲಿಲ್ಲ: "ಸಾಹೇಬ್ರ, ನಿಮ್ಮ ಕೈ?" ಡಾಕ್ಟರು ಬಚ್ಚಲಿಗೆ ಹೋದರು. ಹೊಡೆತ ತಪ್ಪೆಂದು ನಾನು ಹೇಳಬೇಕಾಗಿತ್ತು. ಆದರೆ ರೋಗಿಯ ಮೈ ಕಾದಿರಲಿಲ್ಲ, ನಳಿಕೆಯ ಬುಡ ಒಣಗಿತ್ತು, ಆದಕಾರಣ ಸುಮ್ಮನಿದ್ದೆನು.

ಅಮೋಗಪ್ಪನಿಗೆ ಜ್ವರ ಬರಲಿಲ್ಲ. ಗಂಜಿ ದಕ್ಕಿದ ದಿನವೇ ನಳಿಕೆ ತೆಗೆದೆವು. ಎದ್ದು ಕುಳಿತು ಅವನು ಕೇಳಿದ ಮೊದಲ ಮಾತು, "ಅಣ್ಣಾ, ಕೊಡ್ಲಿ ಎಲ್ಲೈತಿ?"

"ಮಸದ ಇಟ್ಟೇನಿ," ಎಂದನು ಬೀರಪ್ಪ.

ನಾನು ಕಾಪಾಡಿದ ಜೀವ ಯಾತಕ್ಕಾಗಿ ಹೊರಟಿದೆಯೆಂದು ಆಗ ತಿಳಿಯಿತು. ಚಕ್ಕಡಿ ಹತ್ತುವಾಗ ಬೀರಪ್ಪನು ನನ್ನ ಕಾಲು ಮುಟ್ಟಿ, "ನೀವು ನಮ್ಮವ್ವ ಇದ್ದಂಗ್ರಿ. ನಿಮ್ಮೂರಾಗ ಯಾರರ ತಂಟೆ ಮಾಡಿದ್ರ ಹೇಳಿ ಕಳಸ್ರಿ" ಎಂದನು.

"ಕೊಡ್ಲಿ ಮುಟ್ಟಿದ್ರ ನಿನ್ನ ಕೈ ನಾನ ಮುರೀತೇನಿ!" ಎಂದು ಕೂಗಿದೆ. ಚಕ್ಕಡಿಯವರೆಲ್ಲ ನಕ್ಕರು. ನಾನು ಕೂಗಿದ್ದು ಅವರ ಮಾತಿನಲ್ಲೇ ಎಂಬುದು ನನಗೆ ಆಮೇಲೆ ಹೊಳೆಯಿತು.

ಊರಿಗೆ ಮರಳೆಂದು ತಾಯಿಯವರು ಒತ್ತಾಯಿಸುತ್ತಿದ್ದಾರೆ, ನನಗೂ ಇಚ್ಛೆಯಿದೆ. ಆದರೆ ಸಿಂದಗಿ ದಾರಿಯಲ್ಲಿ ಚಕ್ಕಡಿಯ ಸದ್ದಾದರೆ, ಮತ್ತಾರನ್ನು ಕಡಿದು ತಂದರೋ ಎಂದು ಮನಸ್ಸು ಮಂಡ್ಯದ ಬಸ್ಸನ್ನು ಹುಡುಕುತ್ತದೆ, ಕೈಗಳು ಸಾಬೂನನ್ನು ಹುಡುಕುತ್ತವೆ.