ಅಂಗೈಗೆ ತಾಗಿದ ಉಸಿರು

ನಮ್ಮ ಅತ್ತೆಯ ಗೊರಕೆ ಓಣಿಗೆಲ್ಲ ಗೊತ್ತಿತ್ತು. ಹುಕ್ಕೇರಿಯ ಹತ್ತಿರದ ನಮ್ಮೂರಿನಲ್ಲಿ ಮಧ್ಯಾಹ್ನ ಉಂಡು ಅವಳು ಪಡಸಾಲೆಯಲ್ಲಿ ಅಡ್ಡಾದಳೆಂದರೆ, ಎದುರು ಮನೆಯ ಕಟ್ಟೆಯ ಮೇಲೆ ಕೂತವರು "ಗಿರಣಿ ಚಾಲೂ ಆತು ನೋಡ್ರಿ" ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದರೂ ಅವಳಿಗೆ ಸಿಟ್ಟಿಲ್ಲ. "ಉಂಡವರು ಗೊರಕಿ ಹೊಡೀತಾರ, ಉಪವಾಸ ಇದ್ದವರು ಕಟ್ಟಿ ಮ್ಯಾಲ ಕುಂತು ಮಾತಾಡ್ತಾರ" ಎಂದು ಮಗ್ಗುಲು ಬದಲಿಸಿ ಮತ್ತೆ ಶುರು ಮಾಡುತ್ತಿದ್ದಳು. ಆ ಸದ್ದಿನಲ್ಲೇ ನಾನು ಬೆಳೆದೆ.

ನನ್ನ ತವರು ಮೂಡಲಗಿ. ನಾಲ್ಕು ವರ್ಷದವಳಿದ್ದಾಗ ನನ್ನ ತಾಯಿ ತೀರಿಕೊಂಡಳು. ಮಣ್ಣಿಗೆ ಬಂದಿದ್ದ ಅಪ್ಪನ ತಂಗಿ, ತಿರುಗಿ ಹೋಗುವಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದಳು. ಮುಂದೆ ತನ್ನ ಮಗನಿಗೇ ನನ್ನನ್ನು ತಂದುಕೊಂಡಳು. ಮನೆಯೊಳಗೆ ಇದ್ದವಳನ್ನೇ ಹೊರಗೆ ನಿಲ್ಲಿಸಿ, ಆರತಿ ಎತ್ತಿ, ಒಳಗೆ ಕರೆದರು, ಅಷ್ಟೇ. ಹೀಗಾಗಿ ಅತ್ತೆಯನ್ನು ನಾನು ಎಂದೂ 'ರೀ' ಹಚ್ಚಿ ಕರೆದವಳಲ್ಲ. ಹಿರಿಯರು ಅದಕ್ಕೆ ಮೂಗು ಮುರಿದರೆ, "ಆಕಿ ರೀ ಅಂದ್ರ ನಾ ಓ ಅನ್ನಂಗಿಲ್ಲ" ಎಂದು ಅತ್ತೆಯೇ ಅವರ ಬಾಯಿ ಮುಚ್ಚಿಸುತ್ತಿದ್ದಳು.

ಎರಡನೆಯ ಮಹಾಯುದ್ಧದ ಕಾಲ. ಪೇಟೆಯಲ್ಲಿ ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಆ ದಿನಗಳಲ್ಲೇ ಅರವತ್ತು ದಾಟಿದ ಅತ್ತೆಯ ಹೊಟ್ಟೆ ಬೆಳೆಯತೊಡಗಿತು. ಮೊದಮೊದಲು ಅವಳೇ ಚೇಷ್ಟೆ ಮಾಡಿದಳು. "ಸೊಸಿ ಕುಬಸಾ ಅತ್ತಿ ಮಾಡೂದು ಎಲ್ಲಾ ಕಡೆ ಐತಿ. ಅತ್ತಿ ಕುಬಸಾ ಸೊಸಿ ಮಾಡೂದು ನಮ್ಮ ಮನ್ಯಾಗ ಮೊದಲ" ಎಂದು ತನ್ನ ಸೀಮಂತದ ಮಾತನ್ನು ಬಂದವರ ಮುಂದೆಲ್ಲ ಹೇಳಿ ನಗಿಸಿದಳು. ಕಷಾಯ ಆಯಿತು, ಲೇಪ ಆಯಿತು. ಹೊಟ್ಟೆ ಮಾತ್ರ ಏರುತ್ತಲೇ ಹೋಯಿತು. ಕಡೆಗೆ ಮಲಗಿದರೆ ಏದುಸಿರು ಬಂದು, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಹಾಗಾಯಿತು. ಗೊರಕೆ ನಿಂತಿತು. ಮಧ್ಯಾಹ್ನದ ಹೊತ್ತು ಮನೆ ಗಪ್ಪಾಗಿರುತ್ತಿತ್ತು, ನನಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಗೋಕಾಕಕ್ಕೆ ಕರೆದೊಯ್ಯೋಣ ಎಂದು ಹಟ ಹಿಡಿದವಳು ನಾನು. ಅಲ್ಲೊಂದು ಸಣ್ಣ ಖಾಸಗಿ ದವಾಖಾನೆ ಇತ್ತು, ಈಗ ಆ ಕಟ್ಟಡವೇ ಇಲ್ಲ. ಅಲ್ಲಿ ಹೊಟ್ಟೆ ಕೊಯ್ದು ಗಡ್ಡೆ ತೆಗೆಯುತ್ತಾರೆಂದು ಕೇಳಿದ್ದೆ. ನಮ್ಮ ಮನೆಯವರು ಒಪ್ಪಲಿಲ್ಲ. ಎಚ್ಚರ ತಪ್ಪಿಸುವ ಔಷಧಕ್ಕೆ ನಮ್ಮ ಕಡೆ ಭೂಲ್ ಎನ್ನುತ್ತಾರೆ. "ಈ ವಯಸ್ಸಿನಾಗ ಅವ್ವಗ ಭೂಲ್ ಕೊಟ್ರ ಎದ್ದು ಬರ್ತಾಳೇನ? ಮಲಗಿದಾಕಿ ಮಲಗೇ ಬಿಟ್ರ?" ಎಂದರು. ನನ್ನ ಬಾಯಿ ಆಗಲೂ ಚುರುಕು. "ಗ್ವಾಡಿಗೆ ಒರಗಿ ಉಸರ ಕಟ್ಟಿ ಸಾಯೂದು ನೋಡ್ಕೊಂತ ಕುಂದರೂದು ನಿಮಗ ಚಲೋ ಅನಸತೈತೇನ್ರಿ?" ಎಂದೆ. ಮೂರನೆಯ ದಿನ ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಡಿ ಹೋಗೂಣು. ಸಹಿ ನಾ ಮಾಡ್ತೀನಿ. ಹೊಣಿ ನಿಂದು" ಎಂದರು.

ಇದ್ದಿಲು ಉರಿಸಿ ಓಡಿಸುವ ಮೋಟಾರು ಅದು. ಏರು ಬಂದಲ್ಲೆಲ್ಲ ಗಂಡಸರು ಇಳಿದು ದಬ್ಬಬೇಕು. ಅತ್ತೆ ಮುಂದಿನ ಸೀಟಿನಲ್ಲಿ ಏದುಸಿರು ಬಿಡುತ್ತಲೇ, "ಇದಕ್ಕೂ ನನ್ನಂಗ ಹೊಟ್ಟ್ಯಾಗ ಏನರ ಆಗಿರಬೇಕ" ಎಂದಳು. ಮೋಟಾರಿನವನೂ ನಕ್ಕ. ನಾನು ನಗಲಿಲ್ಲ. 'ಹೊಣಿ ನಿಂದು' ಎಂಬ ಮಾತು ಕಿವಿಯಲ್ಲೇ ಇತ್ತು.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಗಡ್ಡೆ ತೆಗೆಯುವುದು ದೊಡ್ಡದಲ್ಲ, ವಯಸ್ಸಾದವರು ಭೂಲಿನಿಂದ ತಡವಾಗಿ ಏಳುತ್ತಾರೆ, ಅಲ್ಲಿಯವರೆಗೆ ಉಸಿರು ಕಾಯುವುದೇ ದೊಡ್ಡದು ಎಂದರು. ಮೈಮೇಲಿನದನ್ನೆಲ್ಲ ತೆಗೆಯಿರಿ ಎಂದಾಗ ಅತ್ತೆ ಕೊರಳಿನ ಶಿವದಾರವನ್ನು, ಅದರ ತುದಿಗಿದ್ದ ಬೆಳ್ಳಿಯ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕರಡಿಗೆಯಲ್ಲಿ ಅವಳ ಇಷ್ಟಲಿಂಗ. "ಜೀವ ಹೋದ್ರ ಹೋಗವಲ್ದ್ಯಾಕ, ಲಿಂಗ ಮೈ ಬಿಟ್ಟು ಹೋಗಬಾರದ್ರಿ" ಎಂದಳು. ಡಾಕ್ಟರು ಮುಖ ಗಂಟಿಕ್ಕಿದರು. ದಾರಿ ತೋರಿಸಿದವಳು ನರ್ಸಬಾಯಿ. ಎತ್ತರದ, ನಗು ಕಡಿಮೆಯ ಹೆಂಗಸು, ಮನೆಮಾತು ಮರಾಠಿ. ಕರಡಿಗೆಯನ್ನು ಅತ್ತೆಯ ಬಲದೋಳಿಗೆ ಬಿಳಿ ಪಟ್ಟಿಯಿಂದ ಸುತ್ತಿ ಕಟ್ಟಿದಳು. "ಮೈ ಮ್ಯಾಲ ಐತಿ. ಈಗ ನಡೀರಿ ಆಯಿ" ಎಂದಳು. ಅತ್ತೆ ಹಿಂದಿರುಗಿ ನೋಡದೆ ಒಳಗೆ ಹೋದಳು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹೊರಗೆ ತಂದರು. ಅವಳ ಮೈಯಿಂದ ಮೂಗಿಗೆ ಅಡರುವ ಔಷಧದ ವಾಸನೆ. ದಿಂಬಿಲ್ಲದೆ, ತಲೆಯನ್ನು ಒಂದು ಕಡೆ ವಾಲಿಸಿ ಮಲಗಿಸಿದರು. ಇದ್ದ ನರ್ಸಬಾಯಿ ಒಬ್ಬಳೇ, ರೋಗಿಗಳ ಕಾಟುಗಳು ಹತ್ತಾರು. ಅವಳು ನನ್ನ ಎಡಗೈ ಹಿಡಿದು ಅಂಗೈಯನ್ನು ಅತ್ತೆಯ ಮೂಗು ಬಾಯಿಯ ಮುಂದೆ ತಂದಳು.

"ಬೆಚ್ಚಗ ತಾಗತೈತಿ?"

"ಹೂಂ ರಿ."

"ಹಿಂಗ ತಾಗ್ತಿರಬೇಕು. ಎದಿ ನೋಡಿದ್ರ ಸಾಲೂದಿಲ್ಲ. ತಾಗಲಿಲ್ಲಂದ್ರ ದವಡಿ ಹಿಂಗ ಮುಂದಕ ಎತ್ತು. ಮೊದಲ ಎತ್ತು, ಆಮ್ಯಾಲ ನನ್ನ ಕರಿ" ಎಂದು ನನ್ನದೇ ದವಡೆಯನ್ನು ಎರಡೂ ಕಿವಿಯ ಕೆಳಗಿಂದ ಹಿಡಿದು ಎತ್ತಿ ತೋರಿಸಿದಳು. ಕೈ ಬಿಟ್ಟ ಮೇಲೂ ನೋವು ಉಳಿಯಿತು.

ಅವಳು ಹೋದ ಮೇಲೆ ನಾನು ತೋಳಿನ ಪಟ್ಟಿ ಬಿಚ್ಚಿ ಶಿವದಾರವನ್ನು ಮತ್ತೆ ಕೊರಳಿಗೆ ಹಾಕಿದೆ. ಕರಡಿಗೆ ಅತ್ತೆಯ ಎದೆಯ ಮೇಲೆ ಕೂತು ಮೆಲ್ಲಗೆ ಏರಿ ಇಳಿಯತೊಡಗಿತು. ಅದನ್ನು ನೋಡಿ ನನಗೂ ಧೈರ್ಯ ಬಂತು. ಆದರೂ ಅಂಗೈ ತೆಗೆಯಲಿಲ್ಲ.

ಅಷ್ಟರಲ್ಲಿ ಅಂಕಲಗಿಯಿಂದ ಚಿಗವ್ವ ಬಂದಳು. ಅತ್ತೆಯ ಖಾಸಾ ತಂಗಿ, ನನಗೆ ಅವಳೂ ಅತ್ತೆಯೇ, ಆದರೆ ಮನೆಯಲ್ಲಿ ಎಲ್ಲರಿಗೂ ಅವಳು ಚಿಗವ್ವ. ಕಂಕುಳಲ್ಲಿ ಕೌದಿ, ಕೈಯಲ್ಲಿ ರೊಟ್ಟಿಯ ಗಂಟು. ನನ್ನ ಕೈ ಎಲ್ಲಿದೆಯೆಂದು ನೋಡಿದವಳೇ ಬಾಗಿಲಲ್ಲೇ ನಿಂತಳು.

"ಏನ ಮಾಡಾಕತ್ತೀಯ ಅದು? ಜೀವಂತ ಮನಷ್ಯಾಳ ಮೂಗಿಗೆ ಕೈ ಹಿಡೀತಾರೇನ? ತಗಿ ಮೊದಲ."

ನಮ್ಮ ಕಡೆ ಮನುಷ್ಯರ ಮೂಗಿಗೆ ಅಂಗೈ ಹಿಡಿಯುವುದು ಒಂದೇ ಸಲ. ಹೋದರೋ ಇದ್ದಾರೋ ನೋಡಲಿಕ್ಕೆ. ಗಂಡನ ಜೊತೆ ಜಗಳಾಡಿ ಬಂದವಳು ನಾನು. ಆ ಒಂದು ಮಾತಿಗೆ ಸೋತೆ. ನನ್ನ ತಾಯಿಯ ಮೂಗಿಗೆ ಯಾರೋ ಹಾಗೆ ಕೈ ಹಿಡಿದದ್ದು ನನಗೆ ಮಸುಕಾಗಿ ನೆನಪಿತ್ತು. ಕೈ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡೆ. ಎದೆಯ ಮೇಲಿನ ಕರಡಿಗೆ ನೋಡಿದರಾಯಿತು, ಅದು ಏರಿಳಿದರೆ ಉಸಿರು ಇದ್ದಂತೆಯೇ ಎಂದು ನನಗೆ ನಾನೇ ಹೇಳಿಕೊಂಡೆ.

"ದಿಂಬರ ಕೊಡಬಾರದೇನ, ದಿಕ್ಕಿಲ್ಲದವರಂಗ ಮಲಗಿಸ್ಯಾರ" ಎನ್ನುತ್ತ ಚಿಗವ್ವ ಕೌದಿಯನ್ನು ಮಡಚಿ ಅತ್ತೆಯ ತಲೆಯ ಕೆಳಗೆ ತುರುಕಿದಳು. ಗದ್ದ ಎದೆಗೆ ತಾಗುವ ಹಾಗಾಯಿತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಕೇಳಿದ ಗೊರಕೆ. ನಮ್ಮ ಮನೆಯವರ ಕಣ್ಣಲ್ಲಿ ನೀರು ಬಂತು. "ಗಿರಣಿ ಚಾಲೂ ಆತು" ಎಂದು ನನ್ನ ಕಡೆ ನೋಡಿ ನಕ್ಕು, ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದರು. ಜಗಳವಾದ ಮೇಲೆ ಅವರು ನನ್ನೊಡನೆ ನಕ್ಕದ್ದು ಅದೇ ಮೊದಲು.

ಆಮೇಲೆ ಗೊರಕೆ ನಿಂತಿತು.

"ಈಗ ಖರೆ ನಿದ್ದಿ ಹತ್ತಿತು ನೋಡ" ಎಂದು ಚಿಗವ್ವ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ನಾನು ಕರಡಿಗೆ ನೋಡಿದೆ. ಅದು ಏರುತ್ತಿತ್ತು, ಇಳಿಯುತ್ತಿತ್ತು, ಮೊದಲಿಗಿಂತ ಜೋರಾಗಿಯೇ. ನಾನು ನಂಬಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆದರೆ ನಂಬಿದ್ದು ನಿಜ.

ಒಂದು ನೊಣ ಬಂದು ಅತ್ತೆಯ ಮೇಲ್ದುಟಿಯ ಮೇಲೆ ಕೂತಿತು. ಅದನ್ನು ಹೊಡೆಯಲೆಂದು ಕೈ ಬೀಸಿದೆ. ನೊಣ ಹಾರಿತು. ಚಿಗವ್ವನ ಕಣ್ಣು ಎಲೆಯ ಮೇಲಿತ್ತು. ಆ ನೆವದಲ್ಲಿ ಕೈಯನ್ನು ಅಲ್ಲೇ ಒಂದು ಗಳಿಗೆ ನಿಲ್ಲಿಸಿದೆ. ಏನೂ ತಾಗಲಿಲ್ಲ. ಇನ್ನೂ ಹತ್ತಿರ ಹಿಡಿದೆ. ಕೆಳಗೆ ಕರಡಿಗೆ ಏರಿಳಿಯುತ್ತಲೇ ಇತ್ತು, ಅಂಗೈ ಮಾತ್ರ ತಣ್ಣಗಿತ್ತು. ಆಗ ಮುಖ ನೋಡಿದೆ. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು.

ಕೌದಿ ಕಿತ್ತು ಎಸೆದೆ. "ಏ, ಏನ ಹುಚ್ಚ ಹಿಡದೈತೇನ" ಎಂದು ಚಿಗವ್ವ ನನ್ನ ರಟ್ಟೆ ಹಿಡಿದಳು. ಅವಳನ್ನು ಮೊಣಕೈಯಿಂದ ದಬ್ಬಿ, ಎರಡೂ ಕಿವಿಯ ಕೆಳಗೆ ಬೆರಳು ಕೊಟ್ಟು, ರೊಟ್ಟಿ ಬಡಿದು ಗಟ್ಟಿಯಾದ ಕೈಯ ಬಲವನ್ನೆಲ್ಲ ಹಾಕಿ ದವಡೆಯನ್ನು ಮುಂದಕ್ಕೆ ಎತ್ತಿದೆ. ಒಂದು ಸಲ ಏನೂ ಆಗಲಿಲ್ಲ. ಇನ್ನೂ ಎತ್ತಿದೆ. ಗರ್ ಎಂದು, ಕಟ್ಟೆಯ ಮೇಲಿನವರು ಕೇಳಿದ್ದರೆ ಎದ್ದು ನಿಲ್ಲುವಂಥ ಸದ್ದು ಬಂತು. ಬಿಸಿ ಉಸಿರು, ಔಷಧದ ವಾಸನೆಯದು, ನನ್ನ ಮಣಿಕಟ್ಟಿಗೆ ಬಡಿಯಿತು. ಆಮೇಲೆ ನರ್ಸಬಾಯಿಯನ್ನು ಕೂಗಿದೆ. ಕೂಗಿದ್ದೋ ಅತ್ತದ್ದೋ, ಅವಳು ಓಡಿ ಬಂದಳು.

ಅವಳು ನೆಲದ ಮೇಲಿನ ಕೌದಿ ನೋಡಿದಳು, ಕರಡಿಗೆ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತುಟಿಗೆ ಬಣ್ಣ ಬರುವ ತನಕ ಕಾದು, ಆಮೇಲೆ ಹೇಳಿದಳು: "ನಾಲಿಗಿ ಹಿಂದಕ ಬಿದ್ದಿತ್ತು. ಬಾಗಲಾ ಮುಚ್ಚೈತಿ, ಒಳಗಿನವರು ದಬ್ಬಾಕತ್ತಾರ. ದಬ್ಬೂದು ನಿನಗ ಕಾಣತೈತಿ. ಗಾಳಿ ಬಂತಿಲ್ಲೋ ಕೈಗೆ ಅಷ್ಟ ಗೊತ್ತಾಗತೈತಿ."

ಚಿಗವ್ವ ಮೂಲೆಯಲ್ಲಿ ಕೂತಿದ್ದಳು, ಸುಣ್ಣ ಹಚ್ಚಿದ ಎಲೆ ಕೈಯಲ್ಲೇ ಇತ್ತು. ದವಡೆ ಹಿಡಿದು ನಿಂತು ನಿಂತು ನನ್ನ ತೋಳು ನಡುಗಲು ಹತ್ತಿದಾಗ ಎದ್ದು ಬಂದಳು. "ನೀ ದವಡಿ ಹಿಡಿ. ಮೂಗಿಗೆ ನಾ ಹಿಡೀತೀನಿ" ಎಂದಳು. ಅಕ್ಕನ ಮೂಗಿನ ಮುಂದೆ ಅಂಗೈ ಹಿಡಿದು, ಪ್ರತಿ ಉಸಿರಿಗೂ "ಬಂತು" ಎಂದಳು. "ಬಂತು... ಬಂತು..." ಹಾಗೆ ಎಷ್ಟು ಹೊತ್ತೋ. ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೆ ಹೋಗುವ ತನಕ ನಾವಿಬ್ಬರೂ ಅಲ್ಲಾಡಲಿಲ್ಲ.

ಸಂಜೆಯ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟಳು. ಮೊದಲು ಕೈ ಹೋದದ್ದು ಕರಡಿಗೆಗೆ. ಆಮೇಲೆ ಗದ್ದಕ್ಕೆ. "ಹೊಟ್ಟಿ ಕೊಯ್ತೀನಂದು ದವಡಿ ಯಾಕ ಮುರದಾರ?" ಎಂದಳು. ನಾನು ನಗುತ್ತ ಅತ್ತುಬಿಟ್ಟೆ, ಅಳುತ್ತ ನಕ್ಕೆ.

ಊರಿಗೆ ಬಂದ ಮೇಲೆ ಅವಳು ಕತೆಯನ್ನು ಬೇರೆ ಮಾಡಿ ಹೇಳಿದಳು. ಭೂಲಿನಲ್ಲಿ ಬಿದ್ದ ಅತ್ತೆಗೆ ಸೊಸೆ ಸಿಕ್ಕಿದ್ದೇ ಸಮಯ ಎಂದು ದವಡೆಗೆ ಬಾರಿಸಿದಳಂತೆ. ಕೇಳಿದವರು ನನ್ನ ಕೈ ನೋಡುವರು. ಮನೆಯವರು ಮಾತ್ರ ಆ ಕತೆಗೆ ನಗುತ್ತಿರಲಿಲ್ಲ. ಹೊಣೆಯ ಮಾತನ್ನು ಅವರು ಮತ್ತೆ ಎತ್ತಲೂ ಇಲ್ಲ.

ಗೊರಕೆ ಮರಳಿ ಬಂತು. ಆದರೆ ನನ್ನ ಕೈಗೆ ಒಂದು ಚಟ ಅಂಟಿಕೊಂಡಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಪಡಸಾಲೆಯ ಗೊರಕೆ ನಿಂತರೆ ಸಾಕು, ಹಿಟ್ಟಿನ ಕೈಯಲ್ಲೇ ಎದ್ದು ಓಡಿ ಹೋಗಿ ಅವಳ ಮೂಗಿಗೆ ಅಂಗೈ ಹಿಡಿಯುತ್ತಿದ್ದೆ. ಅವಳಿಗೂ ಅದು ಗೊತ್ತಾಯಿತು. ಬೇಕೆಂದೇ ಗೊರಕೆ ನಿಲ್ಲಿಸಿ ಉಸಿರು ಬಿಗಿ ಹಿಡಿಯುವಳು. ನಾನು ಬಂದು ಮೂಗಿಗೆ ಕೈ ಹಿಡಿದು ನಿಂತಿರುವಾಗ ಫೂ ಎಂದು ಊದುವಳು. ಅಂಗೈ ಮೇಲಿನ ಜೋಳದ ಹಿಟ್ಟು ನನ್ನ ಮುಖಕ್ಕೆ ಹಾರುವುದು. "ಅದೀನಿ. ಹೋಗಿ ರೊಟ್ಟಿ ಬಡಿ" ಎಂದು ಒಂದೇ ಕಣ್ಣು ತೆರೆದು ಹೇಳುವಳು. ಎಷ್ಟು ಸಲ ಬೈದಿದ್ದೇನೆ. ಎಷ್ಟು ಸಲ ಇನ್ನು ಮೇಲೆ ಬರುವುದಿಲ್ಲವೆಂದು ಆಣೆ ಮಾಡಿ ಮತ್ತೆ ಓಡಿ ಹೋಗಿದ್ದೇನೆ. ನಾಲ್ಕು ಸುಗ್ಗಿ ಹೀಗೆ ಕಳೆದವು. ನನ್ನ ಬಾಳಿನಲ್ಲಿ ಅಷ್ಟು ಸುಖದ ಮಧ್ಯಾಹ್ನಗಳು ಮತ್ತೆ ಬರಲಿಲ್ಲ.

ಐದನೆಯ ಸುಗ್ಗಿಯಲ್ಲಿ ಒಂದು ದಿನ, ಹೆಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರುತ್ತಿದ್ದಾಗ ಗೊರಕೆ ನಿಂತಿತು. ಎದ್ದು ಹೋದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಂಗೈ ಹಿಡಿದೆ. ಹಿಟ್ಟು ಹಾರಲಿಲ್ಲ. ಬಿಗಿ ಹಿಡಿದಿದ್ದಾಳೆ ಎಂದುಕೊಂಡೆ.

"ಅತ್ತಿ, ರೊಟ್ಟಿ ಹೊತ್ತಾಕತ್ತೈತಿ. ಲಗೂ ಊದ" ಎಂದೆ.

ರೊಟ್ಟಿ ಕರಿಯಾಗಿ ಹೊಗೆ ಪಡಸಾಲೆಗೆ ಬರುವ ತನಕ ನಾನು ಕೈ ತೆಗೆಯಲಿಲ್ಲ.