ಹಂದಿಮೂಗಮ್ಮನ ಮನೆಯ ಚಪ್ಪಟೆ ತೂತು

ಬುಸಾನ್ ಬಂದರಿನ ಮಾರುಕಟ್ಟೆಯಲ್ಲಿ ಮಾಲ್‌ಸುನ್‌ಗೆ ಹಂದಿಮೂಗಮ್ಮ ಅಂತಲೇ ಹೆಸರು. ಜಪಾನಿನ ಚಪ್ಪಟೆ ಕಡ್ಡಿಯ ಪ್ಲಗ್ಗನ್ನು ಇಲ್ಲಿಯ ದುಂಡು ತೂತಿಗೆ ಕೂರಿಸುವ ಪುಟ್ಟ ತುಂಡಿಗೆ ಹಂದಿಮೂಗು ಅನ್ನುತ್ತಾರೆ. ವರ್ಷಗಟ್ಟಲೆ ಅದನ್ನು ಮಾರಿದಳು, ಬೈದುಕೊಂಡೇ ಮಾರಿದಳು.

"ನೋಡ್ರೀ, ಇದು ಬದಲಾಯ್ಸೋದು ಮೂಗು, ಹೊಟ್ಟೆ ಅಲ್ಲ! ಜಪಾನಿನ ಮಾಲು ಕುಡಿಯೋದು ನೂರು ವೋಲ್ಟು, ನಿಮ್ಮ ಗೋಡೇಲಿರೋದು ಇನ್ನೂರಿಪ್ಪತ್ತು. ಟ್ರಾನ್ಸ್‌ಫಾರ್ಮರ್ ಇಲ್ದೆ ಹಾಕಿ ಸುಟ್ಕೊಂಡ್ರೆ ನನ್ನ ಹತ್ರ ಬಂದು ಅಳ್ಬೇಡಿ."

ಅಂಥವಳ ಮನೆಗೇ ಒಸಾಕಾದಿಂದ ಒಂದು ಕಂಪ್ಯೂಟರ್ ಬಂತು. ಹಡಗಿನಲ್ಲಿ ಹೋಗಿ ಅವಳೇ ಹೊತ್ತು ತಂದಳು. ಅಲ್ಲಿ ನೆಲೆಸಿದ್ದ ಅಣ್ಣ ಸೊಕ್‌ಚುನ್ ತೀರಿಕೊಂಡಿದ್ದ. ಅವನ ಕೊನೆಯ ಕಾಗದದಲ್ಲಿ ಸೊಟ್ಟಪಟ್ಟ ಮೂರೇ ಸಾಲು: "ಕೈ ನಡುಗುತ್ತೆ, ಪೆನ್ನು ಹಿಡಿಯೋಕಾಗಲ್ಲ. ಅಮ್ಮನ್ನ ಎಲ್ಲಿ ಮಣ್ಣು ಮಾಡಿದೆ ಅಂತ ಈ ಯಂತ್ರದೊಳಗೆ ಬರೆದಿಟ್ಟಿದೀನಿ. ತೆಗೆದು ನೋಡು ತಂಗಿ." ಯುದ್ಧದ ವರ್ಷ ಅಮ್ಮನನ್ನು ದೋಣಿ ಹತ್ತಿಸಿಕೊಂಡು ಸಮುದ್ರದಾಚೆ ಹೋದವನು ಅವನೇ. ಗೋರಿ ಎಲ್ಲಿದೆಯೆಂದು ಬಲ್ಲವನೂ ಅವನೊಬ್ಬನೇ.

ಚೂಸೊಕ್ ಹಬ್ಬಕ್ಕೆ ಮೂರು ದಿನವಿತ್ತು. ಹಿರಿಯರ ಗೋರಿಯ ಹುಲ್ಲು ಕೊಯ್ಯಲು ಊರೆಲ್ಲ ಕುಡುಗೋಲು ಮಸೆಯುತ್ತಿತ್ತು. ಮಾಲ್‌ಸುನ್ ಮಾತ್ರ ಪ್ರತಿ ವರ್ಷ ಸಮುದ್ರದ ಕಡೆಗೆ ಅಡ್ಡಬೀಳುತ್ತಿದ್ದಳು. ಆ ದುಃಖ ಈ ವರ್ಷ ಮುಗಿಯಬೇಕಿತ್ತು.

ಬೀಗದ ಕೈ ಕೊಡಲು ಬಂದ ಪಕ್ಕದ ಮನೆಯ ಬೊಕ್‌ಹಿ ಹೇಳಿದಳು: "ನೀವಿಲ್ದಾಗ ಕರೆಂಟಿನವ್ರು ಬಂದಿದ್ರು ಅಕ್ಕಾ. ನಿಮ್ಮನೇದೊಂದೇ ಹಳೇ ನೂರಹತ್ತು ವೋಲ್ಟು ಉಳಿದಿತ್ತಂತೆ. ತೂತೆಲ್ಲ ದುಂಡಗೆ ಮಾಡಿ ಹೋದ್ರು. ಆ ದೊಡ್ಡ ಬೀರು ಮಾತ್ರ ಎಷ್ಟು ನೂಕಿದ್ರೂ ಅಲ್ಲಾಡ್ಲಿಲ್ಲ."

ಮಾಲ್‌ಸುನ್ ಮುಖ ಅರಳಿತು. "ಬೀರು ಹಿಂದಿನ ಚಪ್ಪಟೆ ತೂತು ಹಾಗೇ ಇದೆ ಅಂತಾಯ್ತು! ಅದು ನೂರಹತ್ತೇ, ಜಪಾನಿನ ಮಾಲು ತಡ್ಕೊಳ್ಳತ್ತೆ. ಬಾ, ಕೈ ಹಾಕು."

"ಅಂಗಡೀಲಿ ಟ್ರಾನ್ಸ್‌ಫಾರ್ಮರ್ ಇಲ್ವಾ?"

"ಎಲ್ಲಾ ಖಾಲಿ. ಹೊಸಾದು ಹಬ್ಬ ಕಳೆದ ಮೇಲೇ ಬರೋದು."

"ಹಾಗಾದ್ರೆ ಅಲ್ಲೀವರೆಗೂ ಇರ್ಲಿ ಅಕ್ಕಾ. ನಂಗ್ಯಾಕೋ ಇದು ಸರಿ ಕಾಣ್ತಿಲ್ಲ."

"ಬಾಯ್ಮುಚ್ಚೇ, ಅಪಶಕುನ ನುಡೀಬೇಡ! ಕರೆಂಟಿನ ಪಾಠ ನಂಗೇ ಹೇಳ್ತೀಯಾ?"

ಒಳಗಿನ ಸಾಮಾನೆಲ್ಲ ಹೊರಗೆ ಹಾಕಿ ಇಬ್ಬರೂ ಸೇರಿ ಬೀರು ಎಳೆದರು. ಧೂಳಿನ ನಡುವೆ ಎರಡು ಚಪ್ಪಟೆ ಸೀಳು. ತಲೆಯ ಮೇಲೆ ಕರೆಂಟಿನವರು ಹಾಕಿಹೋದ ಹೊಸ ಬಲ್ಬು ಉರಿಯುತ್ತಿತ್ತು. ಹಳೆಯದನ್ನು ಯಾಕೆ ತೆಗೆದರೆಂದು ಅವಳು ಕೇಳಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬೀಳುತ್ತಂತೆ, ಅದು ಸುಳ್ಳಲ್ಲ. ಪ್ಲಗ್ಗು ಸಲೀಸಾಗಿ ಒಳಗೆ ಹೋಯಿತು.

"ಅಮ್ಮಾ," ಅಂದು ಅವಳು ಗುಂಡಿ ಒತ್ತಿದಳು.

ಯಂತ್ರ ಕೀರಲು ದನಿಯಲ್ಲಿ ಕಿರುಚಿತು. ಪರದೆ ಒಮ್ಮೆ ಬೆಳಗಿತು. ಒಳಗೇನೋ ಫಟ್ಟೆಂದಿತು. ಸುಟ್ಟ ವಾಸನೆ ಕೋಣೆಯೆಲ್ಲ ಹರಡಿತು. ಬೊಕ್‌ಹಿ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು.

"ಅಯ್ಯೋ ಅಕ್ಕಾ, ತೂತು ಹಳೇದೇ ಇತ್ತಲ್ಲ!"

"ಮೂಗು ಹಳೇದೇ ಕಣೇ," ಅಂದಳು ಮಾಲ್‌ಸುನ್, ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು. "ಗೋಡೆಯ ಹೊಟ್ಟೆ ಬದಲಾಯ್ಸಿ ಹೋಗಿದಾರೆ. ಒಳಗೆಲ್ಲ ಇನ್ನೂರಿಪ್ಪತ್ತು, ಅದಕ್ಕೇ ಬಲ್ಬೂ ಹೊಸಾದು."

ಮಾರನೆಯ ದಿನ ರಿಪೇರಿಯವನು ಬಿಚ್ಚಿ ನೋಡಿ ತಲೆಯಾಡಿಸಿದ. ಒಳಗಿನ ಡಿಸ್ಕೂ ಸುಟ್ಟಿತ್ತು. ಹಬ್ಬದ ಬೆಳಗ್ಗೆ ಮಾಲ್‌ಸುನ್ ಮತ್ತೆ ಸಮುದ್ರದ ಕಡೆಗೇ ಅಡ್ಡಬಿದ್ದಳು.