ಮೀನು ಮುಟ್ಟಿದ ಕೈ

ಊರಿನಿಂದ ಯಾರೇ ಬರಲಿ, ಈ ಪರದೇಶದ ನಮ್ಮ ರಿಚ್ಮಂಡ್ ಹಿಲ್ ಮನೆಯಲ್ಲಿ ಒಂದೇ ಪದ್ಧತಿ: ಪುಳಿಯೋಗರೆ ಡಬ್ಬಿ ಕಟ್ಟು, ಜಲಪಾತ ತೋರಿಸು, ಅಲ್ಲಿಂದ ತಿಮಿಂಗಿಲಗಳ ಪಾರ್ಕಿಗೆ ಕರೆದುಕೊಂಡು ಹೋಗು. ಮೊದಲು ಡಾಲ್ಫಿನ್ ಷೋ, ಆಮೇಲೆ ಬಿಳಿ ತಿಮಿಂಗಿಲಗಳ ಕೊಳ. ಎಷ್ಟು ಸಲ ಹೋಗಿದ್ದೇನೋ, ದೇವರೇ ಬಲ್ಲ.

ಮಗಳಿಗೆ ಐದು ವರ್ಷವಿದ್ದಾಗ ತಿಮಿಂಗಿಲಕ್ಕೆ ತಾನೇ ಊಟ ಹಾಕಬೇಕೆಂದು ಹಠ ಹಿಡಿದಳು. ಊಟ ಅಂದರೆ ಲೋಟದ ತುಂಬ ಸತ್ತ ಮೀನು! ಮೈಸೂರಿನ ನಮ್ಮ ಅಡುಗೆಮನೆಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಜೊತೆಗಿದ್ದ ನಮ್ಮತ್ತೆ, "ರಾಮ ರಾಮ! ಅದನ್ನ ಮುಟ್ಟಿದ ಕೈಯಲ್ಲಿ ನನ್ನ ಹತ್ರ ಬರಬೇಡಮ್ಮ" ಎಂದು ಪುಳಿಯೋಗರೆ ಡಬ್ಬಿ ಎತ್ತಿಕೊಂಡು ದೂರದ ಬೆಂಚಿಗೆ ಹೋಗಿ ಕೂತರು. ಮಗಳ ಪುಟ್ಟ ಕೈಯಿಂದ ಮೀನು ಜಾರುತ್ತಿತ್ತು. ಕಣ್ಣು ಮುಚ್ಚಿ, ಅವಳ ಕೈ ಸೇರಿಸಿ ನಾನೂ ಹಿಡಿದೆ. ಥೂ, ಎಂಥ ತಣ್ಣನೆಯ ಲೋಳೆ! ಬಿಳಿ ತಲೆಯೊಂದು ನೀರಿನಿಂದ ಮೇಲೆದ್ದು ಬಾಯಿ ತೆರೆಯಿತು. "ಅಗೇನ್ ಅಮ್ಮ, ಅಗೇನ್!" ಎಂದು ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ಮನೆಗೆ ಬಂದು ಕಡಲೆಹಿಟ್ಟು ಹಾಕಿ ಮೂರು ಸಲ ಕೈ ತೊಳೆದೆ. ವಾಸನೆ ಎರಡು ದಿನ ಹೋಗಲಿಲ್ಲ.

ಹದಿಮೂರು ವರ್ಷವಾದಾಗ ಅವಳು ಪಾರ್ಕಿಗೆ ಬರುವುದಿಲ್ಲ ಎಂದಳು. "ಇಟ್ಸ್ ಎ ಜೈಲ್, ಅಮ್ಮ. ಸುಮ್ನೆ ಸುತ್ತುತ್ತಾನೇ ಇರ್ತವೆ ಅವು."

"ಹಠ ಮಾಡಿದೋಳು ನೀನೇ ಅಲ್ವೇನೇ? ಈಗ ನಂಗೇ ಪಾಠ ಹೇಳ್ತೀಯಾ?" ಎಂದು ರೇಗಿ, ನೆಂಟರನ್ನು ಕರೆದುಕೊಂಡು ಹೊರಟೇಬಿಟ್ಟೆ. ಅವತ್ತಿನಿಂದ ನಮ್ಮಿಬ್ಬರ ನಡುವೆ ಪಾರ್ಕಿನ ಮಾತು ನಿಂತಿತು. ಬರಬರುತ್ತಾ ಬೇರೆ ಮಾತೂ ಕಡಿಮೆಯಾಯಿತು.

ಮಗಳು ಈಗ ಒಶಾವಾ ಎಂಬ ಊರಿನಲ್ಲಿ ಓದುತ್ತಿದ್ದಾಳೆ. ಪಾರ್ಕು ಮುಚ್ಚಿದೆ, ತಿಮಿಂಗಿಲಗಳು ಮಾತ್ರ ಇನ್ನೂ ಒಳಗೇ ಇವೆ ಎಂದು ಟೀವಿಯಲ್ಲಿ ನೋಡಿದ ದಿನ ತಡೆಯಲಾಗದೆ ಅವಳಿಗೆ ಫೋನ್ ಮಾಡಿದೆ.

"ಮೀನು ಹಾಕಿದ್ದು ನೆನಪಿದೆಯೇನೇ? ಇನ್ನೊಂದೇ ಒಂದು ಸಲ ಹಾಗೆ ಹೋಗ್ಬೇಕು ಅನ್ಸತ್ತೆ ಕಣೇ, ನಾವಿಬ್ರೂ."

"ನೆನಪಿದೆ ಅಮ್ಮ. ನಂಗೂ ಅದೇ ಬೆಸ್ಟ್ ಡೇ. ಅದು ಆ ಜೈಲಲ್ಲೇ ಆಯ್ತಲ್ಲ, ಅದಕ್ಕೇ ತುಂಬಾ ಬೇಜಾರು."

ಫೋನಿಟ್ಟು ಸಿಂಕಿನ ಮುಂದೆ ನಿಂತೆ. ನನ್ನ ಕೈಯೊಳಗೆ ಜಾರುತ್ತಿದ್ದ ಆ ಪುಟ್ಟ ಕೈ ಬೇಕು ನನಗೆ, ಈಗಲೂ ಬೇಕು. ಅದು ಸಿಗಬೇಕಾದರೆ ಆ ಬಿಳಿ ಪ್ರಾಣಿ ಅದೇ ಕೊಳದಲ್ಲಿ ಬಾಯಿ ತೆರೆದುಕೊಂಡು ಕಾಯುತ್ತಿರಬೇಕಲ್ಲ. ಹಾಗಾದರೆ ಬೇಡ ಎನ್ನಬೇಕು. ಅನ್ನಲು ಬಾಯಿ ಬರುತ್ತಿಲ್ಲ.